ಗುಲಾಮಗಿರಿಯಿಂದ ವಸಾಹತುಶಾಹಿ ದೇಶಗಳು ಕಾಯಂ ಸಿರಿವಂತವಾದವೇ? ಲೆಕ್ಕ ಎಲ್ಲಿ ತಪ್ಪುತ್ತದೆ?

ಬಡ್ಡಿಲೆಕ್ಕ (ಚರ್ಚೆ ಆರಂಭ)

ಈ ಪ್ರಶ್ನೆ ಎಲ್ಲಿ ಬಂದರೂ ಎರಡು ವಾಕ್ಯಕ್ಕೆ ಮುಗಿದುಹೋಗುತ್ತದೆ. "ಯುರೋಪಿನ ಸಿರಿಯೆಲ್ಲ ಗುಲಾಮರ ಬೆವರು" ಎಂದು ಒಬ್ಬರು ಹೇಳುತ್ತಾರೆ. "ಹಾಗಿದ್ದರೆ ಪೋರ್ಚುಗಲ್ ಯಾಕೆ ಹಿಂದೆ ಬಿತ್ತು?" ಎಂದು ಇನ್ನೊಬ್ಬರು ಕೇಳುತ್ತಾರೆ. ಎರಡರಲ್ಲೂ ಹುರುಳಿದೆ. ಆದ್ದರಿಂದಲೇ ಅಂಕಿಗಳನ್ನು ಎದುರಿಗಿಟ್ಟುಕೊಂಡು ಮಾತಾಡೋಣ.

ಅಟ್ಲಾಂಟಿಕ್ ದಾಟಿಸಲು ಆಫ್ರಿಕಾದ ತೀರದಲ್ಲಿ ಹಡಗಿಗೆ ತುಂಬಿದ್ದು ಸುಮಾರು 1.25 ಕೋಟಿ ಜನರನ್ನು. ಆಚೆ ದಡದಲ್ಲಿ ಜೀವಂತ ಇಳಿದವರು ಸುಮಾರು 1.07 ಕೋಟಿ. ಪೋರ್ಚುಗಲ್ ಮತ್ತು ಬ್ರೆಜಿಲ್ ಬಾವುಟದ ಹಡಗುಗಳ ಪಾಲು ಸುಮಾರು 58 ಲಕ್ಷ, ಬ್ರಿಟನ್ನಿನದು 32 ಲಕ್ಷದ ಆಸುಪಾಸು.

ಬ್ರಿಟನ್ನಿನ ಕೈಗಾರಿಕಾ ಕ್ರಾಂತಿಗೆ ಬಂಡವಾಳ ಬಂದದ್ದು ಈ ವ್ಯಾಪಾರದಿಂದ ಎಂದು ಇತಿಹಾಸಕಾರ ಎರಿಕ್ ವಿಲಿಯಮ್ಸ್ 1944ರಲ್ಲಿ ವಾದಿಸಿದರು. ಇವರೇ ಮುಂದೆ ಟ್ರಿನಿಡಾಡಿನ ಪ್ರಧಾನಿಯಾದವರು. 1972ರಲ್ಲಿ ಆರ್ಥಿಕ ಇತಿಹಾಸಕಾರ ಸ್ಟ್ಯಾನ್ಲಿ ಎಂಗರ್ಮನ್ ಲೆಕ್ಕ ಹಾಕಿ, 1770ರ ಹೊತ್ತಿಗೆ ಗುಲಾಮ ವ್ಯಾಪಾರದ ಲಾಭ ಬ್ರಿಟನ್ನಿನ ರಾಷ್ಟ್ರೀಯ ಆದಾಯದ ಸುಮಾರು ಅರ್ಧ ಶೇಕಡಾ ಮಾತ್ರ ಎಂದರು. ವಿಷಯ ಮುಗಿಯಿತು ಎಂದು ಬಹಳ ಜನ ಭಾವಿಸಿದರು. ಆಮೇಲೆ 1985ರಲ್ಲಿ ಬಾರ್ಬರಾ ಸೋಲೋ ಅದೇ ಅಂಕಿಯನ್ನು ಬೇರೆ ಛೇದದಿಂದ ಭಾಗಿಸಿ ನೋಡಿದರು. ಒಟ್ಟು ಹೂಡಿಕೆಯಿಂದ ಭಾಗಿಸಿದರೆ ಸುಮಾರು 8 ಶೇಕಡಾ. ವಾಣಿಜ್ಯ ಮತ್ತು ಕೈಗಾರಿಕೆಯ ಹೂಡಿಕೆಯಿಂದ ಭಾಗಿಸಿದರೆ 39 ಶೇಕಡಾ! ಅಂಶ ಒಂದೇ, ಛೇದ ಮೂರು.

ರಾಷ್ಟ್ರೀಯ ಆದಾಯದಲ್ಲಿ ರೊಟ್ಟಿ, ಬಾಡಿಗೆ, ಉಪ್ಪು, ಸೌದೆ ಎಲ್ಲವೂ ಸೇರಿರುತ್ತವೆ. ಅದರ ಪಕ್ಕದಲ್ಲಿಟ್ಟರೆ ಯಾವ ಒಂದು ವ್ಯಾಪಾರವೂ ಸಣ್ಣದಾಗಿಯೇ ಕಾಣುತ್ತದೆ. ಹೊಸ ಗಿರಣಿ, ಹೊಸ ಕಾಲುವೆ, ಹೊಸ ಹಡಗುಕಟ್ಟೆಗೆ ಹೋಗಬಹುದಾಗಿದ್ದ ಹಣದ ಪಕ್ಕದಲ್ಲಿಟ್ಟರೆ ಚಿತ್ರವೇ ಬೇರೆ. ನಿಮ್ಮ ಪ್ರಕಾರ ಸರಿಯಾದ ಛೇದ ಯಾವುದು?

ಸಮುದ್ರಮಾಪಕ

ಬಡ್ಡಿಲೆಕ್ಕ ಅವರೇ, ಎರಡು ಎಚ್ಚರಿಕೆ ಹೇಳಬೇಕು. ಒಂದು, ಆ 39 ಶೇಕಡಾ ಬರಬೇಕಾದರೆ ಲಾಭವೆಲ್ಲ ಮರುಹೂಡಿಕೆಯಾಯಿತು ಎಂದುಕೊಳ್ಳಬೇಕು. ವಾಸ್ತವದಲ್ಲಿ ದೊಡ್ಡ ಪಾಲು ಹಳ್ಳಿಗಾಡಿನ ಬಂಗಲೆ, ಜಮೀನು, ಪಾರ್ಲಿಮೆಂಟ್ ಸೀಟುಗಳಿಗೂ ಹೋಯಿತು.

ಎರಡು, ಲಾಭದ ದರ. 18ನೇ ಶತಮಾನದ ಕೊನೆಯ ಭಾಗಕ್ಕೆ ಇತಿಹಾಸಕಾರ ರೋಜರ್ ಆನ್‌ಸ್ಟಿ ತೆಗೆದ ಸರಾಸರಿ ಸುಮಾರು 9.5 ಶೇಕಡಾ. ಸರ್ಕಾರಿ ಸಾಲಪತ್ರಕ್ಕೆ ಆಗ 3ರಿಂದ 4 ಶೇಕಡಾ ಸಿಗುತ್ತಿತ್ತು ಎಂದರೆ ಇದು ಒಳ್ಳೆಯ ದರವೇ. ಆದರೆ ಹಡಗು ಮುಳುಗಬಹುದು, ಯುದ್ಧದಲ್ಲಿ ಶತ್ರು ಹಿಡಿಯಬಹುದು, ಹಡಗಿನಲ್ಲಿ ಆಮಶಂಕೆ ಹರಡಬಹುದು, ಸೆರೆಯಾಳುಗಳು ದಂಗೆ ಏಳಬಹುದು. ಹಾಗಾಗಿ ಲಿವರ್‌ಪೂಲಿನ ವರ್ತಕರು ಒಂದೇ ಹಡಗಿನಲ್ಲಿ ಎಲ್ಲ ಹಣ ಇಡುತ್ತಿರಲಿಲ್ಲ. ಎಂಟನೇ ಒಂದು, ಹದಿನಾರನೇ ಒಂದು, ಮೂವತ್ತೆರಡನೇ ಒಂದು ಪಾಲು ಮಾಡಿ ಹಲವು ಹಡಗುಗಳಲ್ಲಿ ಹಂಚುತ್ತಿದ್ದರು. ಬೇರೆ ದೂರದ ವ್ಯಾಪಾರಗಳಲ್ಲೂ ಹೀಗೇ ನಡೆಯುತ್ತಿತ್ತು, ಹೆಚ್ಚುಕಡಿಮೆ ಇಷ್ಟೇ ಹುಟ್ಟುತ್ತಿತ್ತು. ಈ ಒಂದು ವ್ಯಾಪಾರದಿಂದಲೇ ದೇಶ ಎದ್ದು ನಿಂತಿತು ಎನ್ನಲು ಹಡಗಿನ ಲಾಭ ಸಾಲದು.

ಆಲೆಮನೆ

ಹಡಗಿನ ಲಾಭವನ್ನಷ್ಟೇ ಎಣಿಸಿದರೆ ಲೆಕ್ಕ ಬರುವುದಿಲ್ಲ ಸರ್. ಆಳನ್ನು ತಂದದ್ದು ಸಕ್ಕರೆಗಾಗಿ. ಸಕ್ಕರೆಯಲ್ಲಿ ಹಣ ಹುಟ್ಟಿದ್ದು ಎಲ್ಲಿ, ನಿಂತದ್ದು ಎಲ್ಲಿ ಎಂದು ನೋಡಬೇಕು.

ಕೆರಿಬಿಯನ್ ದ್ವೀಪಗಳಾದ ಜಮೈಕಾ, ಬಾರ್ಬಡೋಸ್‌ಗಳ ಎಸ್ಟೇಟಿನಲ್ಲಿ ಹೊಲ, ಗಾಣ, ಕುದಿಸುವ ಮನೆ ಮೂರೂ ಒಂದೇ ಬೇಲಿಯ ಒಳಗೆ. ನಾಟಿಗೆ ನೇಗಿಲಿನ ಬದಲು ಗುದ್ದಲಿ. ಸುಮಾರು 5 ಅಡಿ ಚೌಕ, 5ರಿಂದ 6 ಅಂಗುಲ ಆಳದ ಗುಣಿಗಳು. ಒಬ್ಬ ಆಳು ದಿನಕ್ಕೆ 60ರಿಂದ 100 ಗುಣಿ ತೋಡಬೇಕು. ಗಟ್ಟಿಮುಟ್ಟಾದ ಗಂಡಸರೂ ಹೆಂಗಸರೂ ಮೊದಲ ತಂಡ, ಹದಿಹರೆಯದವರೂ ಬಳಲಿದವರೂ ಎರಡನೆಯದು, ಕಳೆ ಕೀಳುವ ಮಕ್ಕಳು ಮೂರನೆಯದು. ಬೆಳೆ ಕೈಗೆ ಬರಲು 14ರಿಂದ 18 ತಿಂಗಳು. ಆಮೇಲೆ ಕೂಳೆ ಬೆಳೆ.

ಕಬ್ಬು ಕಡಿದ ಮೇಲೆ ಒಂದೆರಡು ದಿನದೊಳಗೆ ಅರೆಯದಿದ್ದರೆ ರಸ ಹುಳಿಯುತ್ತದೆ ಎಂಬುದು ಮಂಡ್ಯದ ಆಲೆಮನೆಯವರಿಗೂ ಗೊತ್ತು. ಅದಕ್ಕೇ ಕೊಯ್ಲಿನ ತಿಂಗಳುಗಳಲ್ಲಿ ಗಾಣ ರಾತ್ರಿಯಿಡೀ ತಿರುಗುತ್ತಿತ್ತು. ನಿಂತಿರುವ ಮೂರು ಉರುಳೆಗಳ ನಡುವೆ ಕೈಯಿಂದಲೇ ಕಬ್ಬು ಕೊಡಬೇಕು. ನಿದ್ದೆ ತೂಗಿ ಬೆರಳು ಸಿಕ್ಕಿಕೊಂಡರೆ ತೋಳು ಒಳಗೆ ಹೋಗುತ್ತದೆ, ಗಾಣ ತಕ್ಷಣ ನಿಲ್ಲುವುದಿಲ್ಲ. ತೋಳು ಕಡಿದು ಜೀವ ಉಳಿಸಲೆಂದು ಪಕ್ಕದಲ್ಲಿ ಒಂದು ಕೊಡಲಿ ಇಟ್ಟಿರುತ್ತಿದ್ದರು. ಗಾಣದ ಸಾಮಾನುಗಳ ಜೊತೆ ಅದೂ ಒಂದು.

ರಸ ನಾಲ್ಕೈದು ತಾಮ್ರದ ಕೊಪ್ಪರಿಗೆಗಳ ಸಾಲಿಗೆ ಹೋಗುತ್ತದೆ, ದೊಡ್ಡದರಿಂದ ಚಿಕ್ಕದಕ್ಕೆ. ಸುಣ್ಣ ಹಾಕಿ ಮಡ್ಡಿ ತೆಗೆಯುತ್ತಾರೆ. ಸುಣ್ಣ ಕಡಿಮೆಯಾದರೆ ಹರಳು ಕಟ್ಟದು, ಹೆಚ್ಚಾದರೆ ಬಣ್ಣ ಕಪ್ಪಾಗುತ್ತದೆ. ಪಾಕ ಇಳಿಸುವ ಕ್ಷಣ ಹೇಳುತ್ತಿದ್ದವನು ಗುಲಾಮನೇ, ಎಸ್ಟೇಟಿನ ಅತಿ ಬೆಲೆಬಾಳುವ ಕುಶಲಕರ್ಮಿ. ಆಮೇಲೆ ವಾರಗಟ್ಟಲೆ ಕಾಕಂಬಿ ಸೋರಲು ಬಿಟ್ಟು, ಉಳಿದ ಕಂದು ಸಕ್ಕರೆಯನ್ನು ಪೀಪಾಯಿಗೆ ತುಂಬುತ್ತಿದ್ದರು.

ಮುಖ್ಯ ಸಂಗತಿ ಇಲ್ಲಿದೆ. ದ್ವೀಪದಲ್ಲೇ ಬಿಳಿ ಸಕ್ಕರೆ ಮಾಡಿ ಕಳಿಸಿದರೆ ಬ್ರಿಟನ್ನಿನಲ್ಲಿ ಭಾರೀ ಸುಂಕ. ಕಂದು ಸಕ್ಕರೆಗೆ ಕಡಿಮೆ. ಹಾಗಾಗಿ ಶುದ್ಧೀಕರಿಸುವ ಕಾರ್ಖಾನೆಗಳೆಲ್ಲ ಲಂಡನ್, ಬ್ರಿಸ್ಟಲ್‌ಗಳಲ್ಲಿ ಎದ್ದವು. ಅದರ ಜೊತೆಗೆ ಪೀಪಾಯಿ, ಕಲ್ಲಿದ್ದಲು, ತಾಮ್ರ, ಗೋದಾಮು, ವಿಮೆ. 1700ರಲ್ಲಿ ಇಂಗ್ಲೆಂಡಿನಲ್ಲಿ ತಲೆಗೆ ವರ್ಷಕ್ಕೆ 4 ಪೌಂಡ್ ತೂಕದಷ್ಟಿದ್ದ ಸಕ್ಕರೆ ಬಳಕೆ 1800ಕ್ಕೆ 18 ಪೌಂಡ್ ಮುಟ್ಟಿತು. ದುಡಿಮೆ ದ್ವೀಪದಲ್ಲಿ, ಮೌಲ್ಯ ಸೇರಿದ್ದು ಬಂದರಿನಲ್ಲಿ. ಸುಂಕದ ಪಟ್ಟಿಯೇ ಹಾಗೆ ಮಾಡಿಸಿತು.

ಬಡ್ಡಿಲೆಕ್ಕ

ಆಲೆಮನೆ ಅವರ ಮಾತಿಗೆ ಇನ್ನೊಂದು ಕೊಂಡಿ ಸೇರಿಸುತ್ತೇನೆ, ಹುಂಡಿ. ಅಂದರೆ ಗಡುವಿನ ದಿನ ಇಷ್ಟು ಹಣ ಕೊಡಬೇಕೆಂದು ಬರೆದ ವ್ಯಾಪಾರದ ಪತ್ರ.

ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 300 ಜನರನ್ನು ಮಾರಿದ ಕಪ್ತಾನನಿಗೆ ಎಸ್ಟೇಟಿನವನು ನಗದು ಕೊಡುವುದಿಲ್ಲ, ಅವನ ಹತ್ತಿರ ಇರುವುದೂ ಇಲ್ಲ. ಮಾರಾಟದ ದಲ್ಲಾಳಿ 12, 18, 24 ತಿಂಗಳ ಗಡುವಿನ ಹುಂಡಿಗಳನ್ನು ಲಂಡನ್ನಿನ ಒಂದು ವ್ಯಾಪಾರಿ ಮನೆಯ ಮೇಲೆ ಬರೆದುಕೊಡುತ್ತಾನೆ. ಆ ಮನೆ ಜಾಮೀನು ನಿಂತಿರುತ್ತದೆ. ಹಡಗು ಊರಿಗೆ ಬಂದೊಡನೆ ಮಾಲೀಕ ಹುಂಡಿಯನ್ನು ವಟಾವಿಗೆ, ಅಂದರೆ ಗಡುವಿಗೆ ಮೊದಲೇ ಸ್ವಲ್ಪ ಮುರಿದುಕೊಳ್ಳಲು ಬಿಟ್ಟು ಕೊಟ್ಟು, ನಗದು ಎತ್ತಿ ಮುಂದಿನ ಯಾನಕ್ಕೆ ಸಾಮಾನು ತುಂಬುತ್ತಾನೆ.

ಚಂಡಮಾರುತ ಬಂದರೆ, ಯುದ್ಧ ಬಂದರೆ, ಸಕ್ಕರೆ ದರ ಬಿದ್ದರೆ ಎಸ್ಟೇಟಿನವನು ಕಂತು ತಪ್ಪುತ್ತಾನೆ. ಆಗ 1732ರ ಕಾಯ್ದೆ ಕೆಲಸಕ್ಕೆ ಬರುತ್ತದೆ. ವಸಾಹತುಗಳಲ್ಲಿ ಸಾಲಕ್ಕೆ ಭೂಮಿಯನ್ನೂ ಗುಲಾಮರನ್ನೂ ಜಪ್ತಿ ಮಾಡಬಹುದು ಎಂದು ಬ್ರಿಟಿಷ್ ಪಾರ್ಲಿಮೆಂಟ್ ಮಾಡಿದ ಕಾಯ್ದೆ ಅದು. ಅಲ್ಲಿಗೆ ಮನುಷ್ಯ ಒತ್ತೆಯ ವಸ್ತುವಾದ. ಒತ್ತೆ ಭದ್ರವಾದ್ದರಿಂದ ಸಾಲ ಧಾರಾಳವಾಗಿ ಹರಿಯಿತು. ಲ್ಯಾಸೆಲ್ಸ್ ಮನೆತನ ಯಾರ್ಕ್‌ಶೈರಿನಲ್ಲಿ ಹೇರ್‌ವುಡ್ ಹೌಸ್ ಕಟ್ಟಿದವರು. ಕೆರಿಬಿಯನ್ನಿನಲ್ಲಿ ಅವರಿಗೆ ಹಲವು ಎಸ್ಟೇಟುಗಳು ಸಿಕ್ಕಿದ್ದು ಹೀಗೆ ಸಾಲ ಮುಳುಗಿ ಅಡಮಾನ ಕೈಸೇರಿದಾಗ.

ಬ್ರೆಜಿಲ್‌ನಲ್ಲಿ ಇದಕ್ಕೆ ತದ್ವಿರುದ್ಧ. ಸಾಲಕ್ಕಾಗಿ ಸಕ್ಕರೆ ಗಾಣವನ್ನು ಬಿಡಿಬಿಡಿಯಾಗಿ ಜಪ್ತಿ ಮಾಡದಂತೆ ಪೋರ್ಚುಗೀಸ್ ಕಾನೂನು ಮಾಲೀಕರಿಗೆ ರಕ್ಷಣೆ ಕೊಟ್ಟಿತ್ತು. ಮಾಲೀಕ ಬಚಾವಾದ, ಸಾಲದ ಮಾರುಕಟ್ಟೆ ಬೆಳೆಯಲಿಲ್ಲ.

ಕರಾವಳಿ ಓದುಗ

ಪೋರ್ಚುಗಲ್ ಯಾಕೆ ಸಿರಿವಂತವಾಗಲಿಲ್ಲ ಎಂಬುದಕ್ಕೆ ಅರ್ಧ ಉತ್ತರ ಈಗ ಬಂತು. ಉಳಿದರ್ಧ ಚಿನ್ನದಲ್ಲಿದೆ.

1690ರ ದಶಕದಲ್ಲಿ ಬ್ರೆಜಿಲ್ಲಿನ ಮಿನಾಸ್ ಜೆರಾಯಿಸ್‌ನಲ್ಲಿ ಚಿನ್ನ ಸಿಕ್ಕಿತು. ಹೊಳೆಯ ಮರಳು ತೊಳೆದು ಚಿನ್ನ ತೆಗೆದವರು ಗುಲಾಮರು. ಐದನೇ ಒಂದು ಪಾಲು ರಾಜನಿಗೆ. 1703ರ ಮೆಥುವೆನ್ ಒಪ್ಪಂದದಿಂದ ಇಂಗ್ಲಿಷ್ ಉಣ್ಣೆ ಬಟ್ಟೆಗೆ ಪೋರ್ಚುಗಲ್ ಬಾಗಿಲು ತೆರೆಯಿತು, ಪ್ರತಿಯಾಗಿ ಪೋರ್ಚುಗಲ್ಲಿನ ದ್ರಾಕ್ಷಾಮದ್ಯಕ್ಕೆ ಇಂಗ್ಲೆಂಡಿನಲ್ಲಿ ಫ್ರೆಂಚ್ ಮದ್ಯಕ್ಕಿಂತ ಮೂರನೇ ಒಂದರಷ್ಟು ಕಡಿಮೆ ಸುಂಕ. ಮದ್ಯ ಮಾರಿ ಬಂದದ್ದು ಬಟ್ಟೆಯ ಬಿಲ್ಲಿಗೆ ಸಾಲಲಿಲ್ಲ. ವ್ಯತ್ಯಾಸವನ್ನು ಚಿನ್ನದಲ್ಲಿ ತೀರಿಸಿದರು. ಲಿಸ್ಬನ್ನಿಗೆ ಬಂದ ಗಟ್ಟಿ ಲಂಡನ್ನಿಗೆ ಹೋಗಿ ನಾಣ್ಯವಾಯಿತು. ಉಳಿದದ್ದರಲ್ಲಿ 1717ರಿಂದ ಪೋರ್ಚುಗಲ್ಲಿನ ಮಾಫ್ರಾದಲ್ಲಿ ಭಾರೀ ಅರಮನೆ-ಮಠ ಎದ್ದಿತು. ಆಮೇಲೆ 1785ರಲ್ಲಿ ರಾಣಿ ಮರಿಯಾ ಬ್ರೆಜಿಲ್‌ನಲ್ಲಿ ಬಟ್ಟೆ ನೇಯುವುದನ್ನೇ ನಿಷೇಧಿಸಿದಳು. ಬಿಟ್ಟದ್ದು ಒಂದನ್ನೇ, ಗುಲಾಮರು ಉಡುವ, ಸರಕು ಕಟ್ಟುವ ಒರಟು ಬಟ್ಟೆ.

ಹಾಗಾಗಿ ಪೋರ್ಚುಗಲ್ಲನ್ನು ತೋರಿಸಿ "ಗುಲಾಮಗಿರಿಯಿಂದ ಯಾರಿಗೂ ಲಾಭವಾಗಲಿಲ್ಲ" ಎನ್ನುವುದು ತಪ್ಪು. ಲಾಭ ಆಯಿತು, ಪಕ್ಕದ ಮನೆಯವರಿಗೆ.

ನಮ್ಮ ಕಡೆಗೂ ಇದರ ಒಂದು ಎಳೆ ಇದೆ. ಇದೇ ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವಾಕ್ಕೆ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕವರೂ ಇದ್ದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಸಿದ್ದಿಗಳ ಹಿರೀಕರು ಅವರು. ಪರಿಶಿಷ್ಟ ಪಂಗಡ ಎಂಬ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಸಿರಿ ಯಾರಿಗೆ ಸೇರಿತು ಎಂದು ಲೆಕ್ಕ ಹಾಕುವಾಗ ಬಡತನ ಯಾರ ಪಾಲಿಗೆ ಬಂತು ಎಂಬ ಕಾಲಂ ಕೂಡ ತುಂಬಬೇಕು.

ಮೂರನೇ ಬೆಂಚು

ಒಂದು ಪ್ರಶ್ನೆ. ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಿಗೆ ಹೇಳಿಕೊಳ್ಳುವಂಥ ಗುಲಾಮ ವಸಾಹತು ಇರಲಿಲ್ಲ. ಅವೂ ಸಿರಿವಂತವಾದವಲ್ಲ?

ಆಲೆಮನೆ

ವಸಾಹತು ಇರಲಿಲ್ಲ, ಸಂಬಂಧ ಇತ್ತು. ಜರ್ಮನಿಯ ಓಸ್ನಾಬ್ರುಕ್ ಊರಿನ ಒರಟು ನಾರುಬಟ್ಟೆ ಎಸ್ಟೇಟಿನ ಗುಲಾಮರ ಉಡುಪಾಗಿ ಎಷ್ಟು ಹೋಯಿತೆಂದರೆ ಆ ಬಗೆಯ ಬಟ್ಟೆಗೇ ಊರಿನ ಹೆಸರು ಅಂಟಿತು. ಸ್ವಿಸ್ ಅಚ್ಚುಗಾರರ ಛಾಪಾ ಬಟ್ಟೆ ಫ್ರಾನ್ಸಿನ ನಾಂಟ್ ಬಂದರಿನಿಂದ ಆಫ್ರಿಕಾಕ್ಕೆ ಹೋಯಿತು. ಅಷ್ಟೇ ಏಕೆ, ಆಫ್ರಿಕಾದ ತೀರದಲ್ಲಿ ಮನುಷ್ಯರನ್ನು ಕೊಳ್ಳಲು ಕೊಟ್ಟ ಸರಕಿನಲ್ಲಿ ದೊಡ್ಡ ಪಾಲು ಭಾರತದ ಹತ್ತಿ ಬಟ್ಟೆ. ಪಾಂಡಿಚೇರಿಯ ನೀಲಿ ಬಟ್ಟೆಗೆ "ಗಿನಿ" ಎಂದೇ ಹೆಸರು.

ಆದರೂ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಕೈಗಾರಿಕೆ ಬೆಳೆಯಲು ಗುಲಾಮಗಿರಿ ಅನಿವಾರ್ಯವಾಗಿತ್ತೇ ಎಂದು ಕೇಳಿದರೆ ನನ್ನ ಉತ್ತರ ಇಲ್ಲ. ಬ್ರಿಟನ್ ಬೆಳೆದ ರೀತಿಯಲ್ಲಿ, ಆ ವೇಗದಲ್ಲಿ, ಗುಲಾಮಗಿರಿಯ ಪಾತ್ರ ಇತ್ತೇ ಎಂದರೆ ಖಂಡಿತ ಹೌದು. ಈ ಎರಡು ಪ್ರಶ್ನೆಗಳನ್ನು ಕಲಸಿದಾಗಲೇ ಜಗಳ ಹತ್ತುವುದು.

ಸಮುದ್ರಮಾಪಕ

ಒಪ್ಪಿದೆ. ಖರ್ಚಿನ ಬದಿಯನ್ನೂ ಬರೆಯೋಣ. ವಸಾಹತಿನ ಸಕ್ಕರೆಗೆ ಸುಂಕದ ರಕ್ಷಣೆ ಇದ್ದುದರಿಂದ ಬ್ರಿಟಿಷ್ ಗಿರಾಕಿ ಫ್ರೆಂಚ್ ದ್ವೀಪದ ಸಕ್ಕರೆಗಿಂತ ಹೆಚ್ಚು ಬೆಲೆ ತೆತ್ತ. ದ್ವೀಪಗಳ ಕಾವಲಿಗೆ ನೌಕಾಪಡೆ ಬೇಕಾಯಿತು. ಏಳು ವರ್ಷಗಳ ಯುದ್ಧ ಮುಗಿದ 1763ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಸಾಲ ಸುಮಾರು 13 ಕೋಟಿ ಪೌಂಡ್. ಎಲ್ಲವೂ ಸಕ್ಕರೆ ದ್ವೀಪಗಳಿಗಾಗಿ ಆದದ್ದಲ್ಲ ನಿಜ, ಆದರೆ ಪಾಲು ಇದೆ. ಲಾಭ ವರ್ತಕರ ಖಾತೆಗೆ, ಖರ್ಚು ತೆರಿಗೆದಾರನ ಖಾತೆಗೆ. "ದೇಶ" ಎಂಬ ಒಂದೇ ಪದ ಬಳಸಿದರೆ ಇದು ಕಾಣುವುದೇ ಇಲ್ಲ.

ಬಡ್ಡಿಲೆಕ್ಕ

"ದೇಶ" ಎಂಬ ಪದದ ತೊಡಕು ಎದ್ದು ಕಾಣುವುದು ಅಮೆರಿಕದ ದಕ್ಷಿಣದಲ್ಲಿ. 1860ರಲ್ಲಿ ಅಲ್ಲಿ 39 ಲಕ್ಷಕ್ಕೂ ಹೆಚ್ಚು ಗುಲಾಮರು. ಅವರ ಮಾರುಕಟ್ಟೆ ಬೆಲೆ 300 ಕೋಟಿ ಡಾಲರಿಗೂ ಮಿಕ್ಕಿತ್ತು, ಇಡೀ ದೇಶದ ರೈಲು ಮತ್ತು ಕಾರ್ಖಾನೆಗಳ ಬಂಡವಾಳಕ್ಕಿಂತ ಜಾಸ್ತಿ. ಕಾಗದದ ಮೇಲೆ ದಕ್ಷಿಣದ ಬಿಳಿಯರು ಬಹಳ ಸಿರಿವಂತರು.

1865ರಲ್ಲಿ ಗುಲಾಮಗಿರಿ ರದ್ದಾಗಿ ಆ ಮೊತ್ತ ಪೂರ್ತಿ ಅಳಿಸಿಹೋಯಿತು. ಆದರೆ ಹೊಲ ಅಲ್ಲೇ ಇತ್ತು, ಜನ ಅಲ್ಲೇ ಇದ್ದರು, ಅವರ ಕೈಯ ಕಸುಬು ಹೋಗಿರಲಿಲ್ಲ. ಅಳಿಸಿದ್ದು ಅವರ ದುಡಿಮೆಯ ಮೇಲೆ ಮತ್ತೊಬ್ಬನಿಗಿದ್ದ ಹಕ್ಕು. ಒಬ್ಬನ ಮುಂದಿನ 30 ವರ್ಷದ ಕೂಲಿಯನ್ನು ಕದ್ದು, ಅದಕ್ಕೆ ಇಂದಿನ ಬೆಲೆ ಕಟ್ಟಿ, ಇನ್ನೊಬ್ಬನ ಆಸ್ತಿ ಎಂದು ಬರೆದರೆ ಹೊಸ ಸಂಪತ್ತೇನೂ ಹುಟ್ಟುವುದಿಲ್ಲ. ಯಜಮಾನ ಮಾತ್ರ ಹುಟ್ಟಿದೆ ಎಂದುಕೊಂಡ. ಹಾಗಾಗಿ ಕಾರ್ಖಾನೆ, ಶಾಲೆ, ರಸ್ತೆಗೆ ಹಣ ಹಾಕುವ ಬದಲು ಇನ್ನಷ್ಟು ಜನರನ್ನು ಕೊಂಡ. ಹೊಲ ಸವೆದರೆ ಮಣ್ಣು ಸರಿಪಡಿಸುವ ಗೋಜಿಗೆ ಹೋಗದೆ, ನಡೆದಾಡುವ ಆಸ್ತಿಯನ್ನು ಕರೆದುಕೊಂಡು ಪಶ್ಚಿಮಕ್ಕೆ ಹೊರಟ. ನೂರು ವರ್ಷ ದಕ್ಷಿಣ ಹಿಂದುಳಿಯಲು ಇದು ದೊಡ್ಡ ಕಾರಣ.

ಆ ಹತ್ತಿಯಿಂದ ದೀರ್ಘಕಾಲಕ್ಕೆ ಗಳಿಸಿದವರು ನ್ಯೂಯಾರ್ಕಿನಲ್ಲಿ ಸಾಲ ಕೊಟ್ಟವರು, ವಿಮೆಯವರು, ಮತ್ತು ಇಂಗ್ಲೆಂಡಿನ ಹತ್ತಿ ಗಿರಣಿಗಳ ಊರು ಮ್ಯಾಂಚೆಸ್ಟರ್.

ಹತ್ತಿಕಾಳು

ಮ್ಯಾಂಚೆಸ್ಟರ್ ಅಂದ ಮೇಲೆ ಧಾರವಾಡ ಬರಲೇಬೇಕು.

1860ರಲ್ಲಿ ಬ್ರಿಟನ್ ತರಿಸಿದ ಹತ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅಮೆರಿಕದ್ದು. 1861ರಲ್ಲಿ ಅಂತರ್ಯುದ್ಧ ಶುರುವಾಗಿ ಬಂದರು ಮುಚ್ಚಿದಾಗ ಮ್ಯಾಂಚೆಸ್ಟರ್ ಸುತ್ತಲಿನ ಲ್ಯಾಂಕಾಶೈರಿನ ಗಿರಣಿಗಳು ನಿಂತವು. ಆಗ ಎಲ್ಲರ ಕಣ್ಣು ಭಾರತದ ಹತ್ತಿಯ ಮೇಲೆ. ಜವಾರಿ ಹತ್ತಿಯ ಎಳೆ ಗಿಡ್ಡ, ಜೊತೆಗೆ ಕಸ, ಒಡೆದ ಬೀಜ. ಲ್ಯಾಂಕಾಶೈರಿನ ಯಂತ್ರಗಳನ್ನು ಹೊಂದಿಸಿದ್ದು ಅಮೆರಿಕದ ಉದ್ದ ಎಳೆಗೆ. ಗಿಡ್ಡ ಎಳೆ ಹಾಕಿದರೆ ನೂಲು ಪದೇ ಪದೇ ತುಂಡಾಗುತ್ತಿತ್ತು, ತುಂಡು ಲೆಕ್ಕದ ಕೂಲಿಯವನ ಗಳಿಕೆ ಬೀಳುತ್ತಿತ್ತು.

1840ರ ದಶಕದಿಂದಲೇ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ತೋಟಗಾರರನ್ನು ಕರೆಸಿ ನ್ಯೂ ಆರ್ಲಿಯನ್ಸ್ ಬೀಜ ಹಾಕಿಸಿತ್ತು. ಬಹಳ ಕಡೆ ಸೋತ ಆ ಬೀಜ ಧಾರವಾಡದ ಎರೆಹೊಲದಲ್ಲಿ ಹಿಡಿಯಿತು, "ಧಾರವಾಡ ಅಮೆರಿಕನ್" ಎಂದೇ ಹೆಸರಾಯಿತು. ಬೀಜ ಎಳೆಗೆ ಗಟ್ಟಿಯಾಗಿ ಅಂಟಿರುವ ಜಾತಿ ಅದು, ನಮ್ಮ ಕೈರಾಟೆಗೆ ಬಗ್ಗುವುದಿಲ್ಲ. ಗರಗಸದ ಹಲ್ಲಿನ ಜಿನ್, ಅಂದರೆ ಬೀಜ ಬಿಡಿಸುವ ಯಂತ್ರ ಬೇಕು, ಹಲ್ಲು ಕೆಟ್ಟರೆ ಎಳೆ ಕತ್ತರಿಸಿಹೋಗುತ್ತದೆ. ಅಂಡಿಗಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಬೇಕು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಕಾರವಾರ ಬಂದರಿನ ಈ ಹತ್ತಿ ಲೆಕ್ಕಾಚಾರವೂ ಇತ್ತು.

1865ರಲ್ಲಿ ಯುದ್ಧ ಮುಗಿಯಿತು, ದರ ಬಿತ್ತು, ಮುಂಬೈಯಲ್ಲಿ ಷೇರು ಪೇಟೆ ಕುಸಿಯಿತು. 1870ರ ದಶಕದ ಕೊನೆಗೆ ಅಮೆರಿಕದ ಹತ್ತಿ ಯುದ್ಧಕ್ಕೆ ಮುಂಚಿನ ಮಟ್ಟ ದಾಟಿತು, ಈ ಸಲ ಗುಲಾಮರಿಲ್ಲದೆ, ಸಾಲದಲ್ಲಿ ಮುಳುಗಿದ ಕೋರು ಬೇಸಾಯಗಾರರಿಂದ. ಹತ್ತಿ ಬೆಳೆಯಲು ಗುಲಾಮಗಿರಿ ಬೇಕೇ ಬೇಕು ಎಂಬ ವಾದ ಇಲ್ಲಿ ಬಿದ್ದುಹೋಗುತ್ತದೆ.

ಕರಾವಳಿ ಓದುಗ

ಇನ್ನು ಪರಿಹಾರದ ಹಣ. ಓದುವಾಗ ಹೊಟ್ಟೆ ಉರಿಯುವುದು ಇಲ್ಲಿ.

ಬ್ರಿಟನ್ 1833ರ ಕಾಯ್ದೆಯಿಂದ ಸುಮಾರು 8 ಲಕ್ಷ ಜನರನ್ನು ಬಿಡುಗಡೆ ಮಾಡಿ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಸರ್ಕಾರದ ವಾರ್ಷಿಕ ಖರ್ಚಿನ ಸುಮಾರು 40 ಶೇಕಡಾ. ಕೊಟ್ಟದ್ದು ಯಜಮಾನರಿಗೆ. ಬಿಡುಗಡೆಯಾದವರಿಗೆ ಒಂದು ಪೆನ್ನಿಯೂ ಇಲ್ಲ, ಮೇಲಾಗಿ 1838ರವರೆಗೆ ಅದೇ ಯಜಮಾನನಿಗೆ "ತರಬೇತಿ"ಯ ಹೆಸರಲ್ಲಿ ಬಿಟ್ಟಿ ದುಡಿಮೆ. ಇದಕ್ಕಾಗಿ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಬ್ರಿಟನ್ನಿನಲ್ಲಿ ನೆಲೆಸಿದ ಕೆರಿಬಿಯನ್ ಮೂಲದವರೂ, ಅಲ್ಲಿಗೆ ದುಡಿಯಲು ಹೋದ ನಮ್ಮವರೂ ಅಲ್ಲಿಯವರೆಗೆ ತೆರಿಗೆಯ ಮೂಲಕ ಅದನ್ನು ತೀರಿಸಿದ್ದಾರೆ.

ಪ್ರಧಾನಿ ಗ್ಲ್ಯಾಡ್‌ಸ್ಟನ್‌ನ ತಂದೆ ಜಾನ್ ಗ್ಲ್ಯಾಡ್‌ಸ್ಟನ್‌ಗೆ 2,500ಕ್ಕೂ ಹೆಚ್ಚು ಗುಲಾಮರ ಲೆಕ್ಕದಲ್ಲಿ 1 ಲಕ್ಷ ಪೌಂಡಿಗೂ ಮಿಕ್ಕಿ ಬಂತು. ಅದೇ ವ್ಯಕ್ತಿ 1838ರಲ್ಲಿ ಗಯಾನಾದ ಎಸ್ಟೇಟಿಗೆ ಭಾರತದಿಂದ ಕರಾರು ಕೂಲಿಗಳನ್ನು ತರಿಸಿದ.

ಹೈಟಿಯಲ್ಲಿ ಪರಿಹಾರ ತೆತ್ತವರು ಬಿಡುಗಡೆಯಾದವರೇ! 1804ರಲ್ಲಿ ಫ್ರಾನ್ಸಿನಿಂದ ಸ್ವಾತಂತ್ರ್ಯ ಗೆದ್ದ ದೇಶದ ಎದುರಿಗೆ 1825ರಲ್ಲಿ ಫ್ರಾನ್ಸ್ 14 ಯುದ್ಧನೌಕೆ ನಿಲ್ಲಿಸಿ 15 ಕೋಟಿ ಫ್ರಾಂಕ್ ಕೇಳಿತು. ಮೊದಲ ಕಂತು 3 ಕೋಟಿ. ಅದಕ್ಕೆ ಪ್ಯಾರಿಸ್ಸಿನ ಬ್ಯಾಂಕರುಗಳಿಂದಲೇ 3 ಕೋಟಿ ಸಾಲ. 60 ಲಕ್ಷ ಮುರಿದುಕೊಂಡು ಕೈಗೆ ಕೊಟ್ಟದ್ದು 2.4 ಕೋಟಿ. ಬಡ್ಡಿ ಮಾತ್ರ 3 ಕೋಟಿಗೆ. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರೂ, ಅದರಿಂದ ಹುಟ್ಟಿದ ಸಾಲ 1947ರವರೆಗೂ ಎಳೆಯಿತು. ಕಟ್ಟಿದ್ದು ಕಾಫಿ ರಫ್ತಿನ ತೆರಿಗೆಯಿಂದ, ಅಂದರೆ ಗುಡ್ಡದ ರೈತನ ಜೇಬಿನಿಂದ.

ಮೂರನೇ ಬೆಂಚು

ಹಾಗಾದರೆ ಒಂದು ದೇಶಕ್ಕೆ ಎಷ್ಟು ಸೇರಿತು ಎಂದು ಈಚಿನವರು ಯಾರಾದರೂ ಒಟ್ಟು ಅಂಕಿ ಕೊಟ್ಟಿದ್ದಾರೆಯೇ?

ಸಮುದ್ರಮಾಪಕ

ಎರಡು ಅಂಕಿ ನೆನಪಿಡಿ. ನೆದರ್‌ಲ್ಯಾಂಡ್ಸ್‌ಗೆ ಸಂಬಂಧಿಸಿ 2019ರಲ್ಲಿ ಬಂದ ಲೆಕ್ಕದ ಪ್ರಕಾರ 1770ರಲ್ಲಿ ಅಟ್ಲಾಂಟಿಕ್ ಗುಲಾಮಗಿರಿಯನ್ನು ನೆಚ್ಚಿದ ಚಟುವಟಿಕೆಗಳು ಆ ದೇಶದ ಒಟ್ಟು ಉತ್ಪನ್ನದ 5.2 ಶೇಕಡಾ. ಬಂದರುಗಳಿದ್ದ ಹಾಲೆಂಡ್ ಪ್ರಾಂತ್ಯವೊಂದರಲ್ಲೇ 10.36 ಶೇಕಡಾ. ಬ್ರಿಟನ್ನಿಗೆ 2022ರ ಅಧ್ಯಯನವೊಂದು, 1830ರ ದಶಕದ ರಾಷ್ಟ್ರೀಯ ಆದಾಯ ಗುಲಾಮ ಸಂಪತ್ತಿನಿಂದ ಸುಮಾರು 3.5 ಶೇಕಡಾ ಏರಿತ್ತು ಎನ್ನುತ್ತದೆ. ಆದರೆ ದಕ್ಷಿಣ ಲ್ಯಾಂಕಾಶೈರಿನಂಥ ಕಡೆ ಏರಿಕೆ ಅದಕ್ಕಿಂತ ಹಲವು ಪಟ್ಟು. ಸರಾಸರಿ ತೆಗೆದರೆ ಮಸುಕಾಗುವುದು ಇದೇ ಭೂಪಟ.

ಆಲೆಮನೆ

ಇನ್ನೊಂದು ಅಂಕಿ ನಾನು ಸೇರಿಸುತ್ತೇನೆ. ಜಮೈಕಾದಲ್ಲಿ ಇಳಿಸಿದ್ದು 9 ಲಕ್ಷಕ್ಕೂ ಹೆಚ್ಚು ಜನರನ್ನು, ಕೆಲವರನ್ನು ಅಲ್ಲಿಂದ ಬೇರೆಡೆಗೆ ಮಾರಿದ್ದೂ ಉಂಟು. 1834ರಲ್ಲಿ ಬಿಡುಗಡೆಯ ಹೊತ್ತಿಗೆ ಉಳಿದವರು ಸುಮಾರು 3.11 ಲಕ್ಷ, ಮಕ್ಕಳು ಮೊಮ್ಮಕ್ಕಳೂ ಸೇರಿ. ಸಕ್ಕರೆಯ ಉತ್ಪಾದನಾ ವೆಚ್ಚದ ಪಟ್ಟಿಯಲ್ಲಿ ಈ ಸಾಲು ಎಲ್ಲೂ ಇಲ್ಲ.

ಬಡ್ಡಿಲೆಕ್ಕ

ಸ್ವತಃ ಕೆದಕಿ ನೋಡುವವರಿಗೆ: ಬ್ರಿಟಿಷ್ ಪರಿಹಾರದ ದಾಖಲೆಗಳನ್ನು ಯೂನಿವರ್ಸಿಟಿ ಕಾಲೇಜ್ ಲಂಡನ್ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಹೆಸರು, ಎಸ್ಟೇಟು, ವಸಾಹತು, ಮೂರರಿಂದಲೂ ಹುಡುಕಬಹುದು. ಎಡವುವ ಜಾಗಗಳು ಮೂರಿವೆ. ಅರ್ಜಿ ಹಾಕಿದವರೆಲ್ಲ ಹಣ ಪಡೆದವರಲ್ಲ, ಅಡಮಾನದಾರ ಬಂದು ಕಿತ್ತುಕೊಂಡ ಪ್ರಕರಣಗಳು ಬಹಳ. ವಿಲ್ಲಿನ ಕಾರ್ಯನಿರ್ವಾಹಕ, ಧರ್ಮದರ್ಶಿ ಎಂದು ನಮೂದಾದವನು ಫಲಾನುಭವಿಯೇ ಆಗಿರಬೇಕೆಂದಿಲ್ಲ. ಮತ್ತು ತಲಾ ಮೊತ್ತವನ್ನು ವಸಾಹತುಗಳ ನಡುವೆ ನೇರ ಹೋಲಿಸಬೇಡಿ. ಹೊಸ ಮಣ್ಣಿನ ಬ್ರಿಟಿಷ್ ಗಯಾನಾದಲ್ಲಿ ತಲೆಗೆ ಸರಾಸರಿ ಸುಮಾರು 51 ಪೌಂಡ್, ಜಮೈಕಾದಲ್ಲಿ 20ರ ಆಸುಪಾಸು. ಯಾಕೆಂದರೆ ಪರಿಹಾರ ನಿಗದಿಯಾದದ್ದು 1830ರವರೆಗಿನ ಎಂಟು ವರ್ಷಗಳಲ್ಲಿ ಆ ವಸಾಹತಿನ ಸಂತೆಯಲ್ಲಿ ಮನುಷ್ಯನಿಗೆ ಬಂದ ಬೆಲೆಯ ಮೇಲೆ.